ಕಡಲಾಮೆಯ ಮರಿಗೆ ನಮ್ಮ ಕೈ ಬೇಕೇ?

ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ನಮ್ಮ ಗುರುಗಳು ಒಂದು ದೃಷ್ಟಾಂತವನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಹಕ್ಕಿಯು ತನ್ನ ಮೊಟ್ಟೆಗಳನ್ನು ಮೈಯ ಸ್ಪರ್ಶದಿಂದ ಮರಿ ಮಾಡುತ್ತದೆ. ಮೀನು ಕೇವಲ ನೋಟದಿಂದ ಮರಿ ಮಾಡುತ್ತದೆ. ಆಮೆಯಾದರೋ ಮೊಟ್ಟೆಗಳನ್ನು ದಡದಲ್ಲಿ ಬಿಟ್ಟು ನೀರಿಗೆ ಹೋಗಿ, ದೂರದಲ್ಲಿದ್ದುಕೊಂಡೇ ಸ್ಮರಣೆಯಿಂದ ಮರಿ ಮಾಡುತ್ತದೆ. ಗುರುವು ಶಿಷ್ಯನನ್ನು ಅನುಗ್ರಹಿಸುವ ಮೂರು ಬಗೆಗಳಿಗೆ ಇದು ಹೋಲಿಕೆ. ನಾನೂ ಮುಂದೆ ಅಧ್ಯಾಪಕನಾದ ಮೇಲೆ ಹಲವು ವರ್ಷಗಳ ಕಾಲ ಇದನ್ನೇ ಹೇಳಿಕೊಂಡು ಬಂದೆ. ಹೋಲಿಕೆಯು ಹೋಲಿಕೆಯಾಗಿ ಸೊಗಸಾದುದೇ. ಆದರೆ ಆಮೆಯು ವಾಸ್ತವದಲ್ಲಿ ಏನು ಮಾಡುತ್ತದೆ, ಅದರ ಮರಿಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಒಮ್ಮೆಯಾದರೂ ವಿಚಾರಿಸಿ ನೋಡಬೇಕೆಂದು ನನಗೆ ತೋಚಿರಲಿಲ್ಲ.

ತೋಚುವಂತೆ ಮಾಡಿದವಳು ಮಲ್ಲತ್ತಹಳ್ಳಿಯಲ್ಲಿ ನಮ್ಮ ಮನೆಯ ಎದುರು ಸಾಲಿನ ಒಬ್ಬ ಬಾಲಕಿ. ಏಳನೆಯ ತರಗತಿಯಲ್ಲಿ ಓದುತ್ತಿದ್ದ ಆ ಮಗು ಫೆಬ್ರವರಿ ತಿಂಗಳಿನಲ್ಲಿ ತಂದೆತಾಯಿಗಳೊಡನೆ ಕರಾವಳಿಯ ಪ್ರವಾಸಕ್ಕೆ ಹೋಗಿ ಬಂದಿತ್ತು. ಬಂದ ಮರುದಿನವೇ ತಂದೆಯ ಮೊಬೈಲನ್ನು ಹಿಡಿದುಕೊಂಡು ನಮ್ಮ ಮನೆಗೆ ಓಡಿಬಂದಳು. ಅಂಗೈಯ ಮೇಲೆ ಒಂದು ಪುಟ್ಟ ಕಪ್ಪು ಆಮೆಮರಿ, ಸುತ್ತಲೂ ನಗುಮುಖಗಳು.

"ತಾತ, ಇವು ಮರಳಿನಲ್ಲಿ ಎದ್ದೂ ಬಿದ್ದೂ ಹೋಗ್ತಿದ್ವು. ಪಾಪ ಅನ್ನಿಸಿತು. ನಾವೇ ಎತ್ತಿಕೊಂಡು ಹೋಗಿ ನೀರಿಗೆ ಬಿಟ್ವಿ. ಪುಣ್ಯ ಬರುತ್ತಲ್ವಾ?"

"ಬರುತ್ತೆ ಕಣಮ್ಮ. ಒಳ್ಳೇ ಕೆಲಸ ಮಾಡಿದ್ದೀಯ" ಎಂದೆ. ಹಿರಿಯರು ಮಕ್ಕಳಿಗೆ ಕೊಡುವ ಉತ್ತರಗಳಲ್ಲಿ ಅರ್ಧದಷ್ಟು ಹೀಗೆಯೇ, ಯೋಚಿಸದೆ ಕೊಟ್ಟವು. ಆ ಉತ್ತರವು ತಪ್ಪೆಂದು ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು. ಆ ಮಗುವಿಗೆ ನಾನು ಕೊಡಬೇಕಾಗಿದ್ದ ಸರಿಯಾದ ಉತ್ತರವೇ ಈ ಲೇಖನ.

ಕಾಸರಕೋಡಿನ ಸಂಜೆ

ಮರುತಿಂಗಳು ಆಪ್ತರೊಬ್ಬರ ಮನೆಯ ಗೃಹಪ್ರವೇಶಕ್ಕೆಂದು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರಕ್ಕೆ ಹೋಗುವ ಸಂದರ್ಭ ಒದಗಿತು. ಶರಾವತಿ ನದಿಯು ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯ ದಕ್ಷಿಣಕ್ಕೆ ಕಾಸರಕೋಡು ಗ್ರಾಮವಿದೆ. ಅದರ ಕಡಲಂಚಿನ ಮರಳುನೆಲಕ್ಕೆ ಟೊಂಕ ಎಂದು ಹೆಸರು. ಮೀನುಗಾರರ ಮನೆಗಳು, ಮೀನು ಒಣಗಿಸುವ ಬಯಲು, ಎಳೆದು ನಿಲ್ಲಿಸಿದ ದೋಣಿಗಳು. ಸಂಜೆ ಅಲ್ಲಿ ನಡೆದಾಡುತ್ತಿದ್ದಾಗ ಅಲೆಯ ಗೆರೆಗಿಂತ ಮೇಲೆ, ಕೋಲುಗಳನ್ನು ನೆಟ್ಟು ಬಲೆ ಸುತ್ತಿದ ಒಂದು ಚಿಕ್ಕ ಆವರಣ ಕಂಡಿತು. ಒಳಗೆ ಬರಿಯ ಮರಳು. ಪಕ್ಕದಲ್ಲಿ ದಿನಾಂಕ ಬರೆದ ಒಂದು ಹಲಗೆ. ಅರಣ್ಯ ಇಲಾಖೆಯ ಒಬ್ಬ ಕಾವಲುಗಾರರೂ ವಯಸ್ಸಾದ ಒಬ್ಬ ಮೀನುಗಾರರೂ ಅದರ ಬಳಿ ಕುಳಿತಿದ್ದರು.

ವಿಚಾರಿಸಲಾಗಿ, ಅದು ಕಡಲಾಮೆಯ ಗೂಡೆಂದೂ ಮೊಟ್ಟೆಯಿಟ್ಟು ಐವತ್ತು ದಿನ ಸಮೀಪಿಸಿದುದರಿಂದ ಇಂದೋ ನಾಳೆಯೋ ಮರಿಗಳು ಮೇಲೆ ಬರುವುವೆಂದೂ ಹೇಳಿದರು. ಕುತೂಹಲದಿಂದ ನಾನೂ ಕುಳಿತೆ. ಹೊತ್ತು ಮುಳುಗಿತು. ಮರಳು ಆರಿ ತಂಪಾಯಿತು. ಎಂಟು ಗಂಟೆಯ ಸುಮಾರಿಗೆ ಆವರಣದ ನಡುವೆ ಮರಳು ಒಂದು ಅಂಗೈಯಷ್ಟು ಕುಸಿಯಿತು. ಆ ಕುಳಿಯಿಂದ ಮೊದಲು ಒಂದು ತಲೆ, ಬಳಿಕ ಎರಡು, ಬಳಿಕ ಎಣಿಸಲು ಸಾಧ್ಯವಾಗದಂತೆ ಮರಿಗಳು ಉಕ್ಕಿ ಬಂದವು. ಪಾತ್ರೆಯಲ್ಲಿ ಹಾಲು ಉಕ್ಕಿದಂತೆ ಎಂದರೆ ಉತ್ಪ್ರೇಕ್ಷೆಯಲ್ಲ. ಕಾವಲುಗಾರರು ಕಡಲ ಕಡೆಯ ಬಲೆಯನ್ನು ಎತ್ತಿದರು, ಕೈದೀಪವನ್ನು ಆರಿಸಿದರು.

ಆ ಸಣ್ಣ ಜೀವಗಳು ಕಡಲಿನತ್ತ ತೆವಳತೊಡಗಿದವು. ಒಂದು ಮರಿ ಸ್ವಲ್ಪ ದೂರ ಹೋಗಿ ಒಂದು ಕುಳಿಯಲ್ಲಿ ಬಿದ್ದು ಹೊರಳಾಡಿತು. ಬಗ್ಗಿ ನೋಡಿದರೆ ಅದು ನನ್ನದೇ ಹೆಜ್ಜೆಯ ಗುರುತು. ಎತ್ತಿ ಬಿಡೋಣವೆಂದು ಕೈ ಚಾಚಿದೆ.

"ಎತ್ತೂದು ಬ್ಯಾಡ ಮಾಸ್ತರೇ" ಎಂದರು ಆ ಮೀನುಗಾರರು. "ನೀವು ನಿಂತಲ್ಲೇ ನಿಲ್ಲಿ. ಅದು ನಡೆದೇ ಹೋಗ್ಬೇಕು."

ಹೀಗೆಂದವರು ಮರಿಯನ್ನು ಮುಟ್ಟದೆ, ಅದರ ಮುಂದಿನ ಮರಳನ್ನು ಅಂಗೈಯಿಂದ ಮೆಲ್ಲನೆ ಸವರಿ ನನ್ನ ಹೆಜ್ಜೆಯ ಅಂಚನ್ನು ಸಮ ಮಾಡಿದರು. ಮರಿಯು ತಾನಾಗಿಯೇ ಮೇಲೆ ಹತ್ತಿ ಮುಂದೆ ಸಾಗಿತು. ಅಲೆಯೊಂದು ಬಂದು ಅದನ್ನು ಕರೆದೊಯ್ದಿತು.

ಮಲ್ಲತ್ತಹಳ್ಳಿಯಲ್ಲಿ ನಾನು ಕೊಟ್ಟ ಉತ್ತರವು ನೆನಪಾಗಿ ನಾಚಿಕೆಯಾಯಿತು. ಊರಿಗೆ ಮರಳಿದ ಮೇಲೆ ಬಲ್ಲವರನ್ನು ಕೇಳಿ, ಓದಿ ತಿಳಿದುಕೊಂಡ ಸಂಗತಿಗಳನ್ನು ಓದುಗ ಬಂಧುಗಳ ಮುಂದೆ ಇಡುತ್ತಿದ್ದೇನೆ.

ತಾಯಿಯು ಬಂದು ಹೋಗುವ ರಾತ್ರಿ

ಭಾರತದ ಕಡಲುಗಳಲ್ಲಿ ಐದು ಜಾತಿಯ ಕಡಲಾಮೆಗಳಿವೆ. ನಮ್ಮ ಕರ್ನಾಟಕದ ತೀರಕ್ಕೆ ಮೊಟ್ಟೆಯಿಡಲು ಬರುವುದು ಮುಖ್ಯವಾಗಿ ಆಲಿವ್ ರಿಡ್ಲಿ ಎಂಬ ಜಾತಿ. ಬೆನ್ನಿನ ಚಿಪ್ಪು ಬೂದು ಬೆರೆತ ಹಸಿರು ಬಣ್ಣದ್ದಾದುದರಿಂದ ಈ ಹೆಸರು. ಬೆಳೆದ ಆಮೆಯ ಚಿಪ್ಪಿನ ಉದ್ದ ಸುಮಾರು ಎರಡು ಅಡಿ. ತೂಕ 35ರಿಂದ 50 ಕಿಲೋಗ್ರಾಂ. ಜೀವಮಾನವೆಲ್ಲ ಕಡಲಿನಲ್ಲಿಯೇ ಕಳೆದರೂ ಉಸಿರಾಟಕ್ಕೆ ನೀರಿನ ಮೇಲ್ಮೈಗೆ ಬರಲೇಬೇಕು. ಮೊಟ್ಟೆಯಿಡಲು ನೆಲಕ್ಕೆ ಬರಲೇಬೇಕು. ಈ ಎರಡು ಅನಿವಾರ್ಯಗಳೇ ಅದರ ಕಷ್ಟಗಳಿಗೆ ಮೂಲವೆಂಬುದನ್ನು ಮುಂದೆ ನೋಡುವೆವು.

ಚಳಿಗಾಲದ ಆರಂಭದಿಂದ ಮಾರ್ಚ್ ತಿಂಗಳವರೆಗೆ, ರಾತ್ರಿಯ ಹೊತ್ತು, ಹೆಣ್ಣಾಮೆಯು ಒಬ್ಬಂಟಿಯಾಗಿ ದಡಕ್ಕೆ ಬರುತ್ತದೆ. ಈಜುವುದಕ್ಕೆಂದೇ ರೂಪುಗೊಂಡ ಕಾಲುಗಳಿಂದ ಭಾರವಾದ ಮೈಯನ್ನು ಎಳೆದುಕೊಂಡು ಅಲೆ ತಾಕದ ಎತ್ತರದವರೆಗೆ ತೆವಳುತ್ತದೆ. ಹಿಂಗಾಲುಗಳಿಂದ ಸುಮಾರು ಒಂದೂವರೆ ಅಡಿ ಆಳದ, ಹೂಜಿಯ ಆಕಾರದ ಕುಳಿಯನ್ನು ತೋಡುತ್ತದೆ. ಅದರಲ್ಲಿ ಪಿಂಗ್‌ಪಾಂಗ್ ಚೆಂಡಿನ ಗಾತ್ರದ, ಮೆತ್ತನೆಯ ತೊಗಟೆಯ, ನೂರರಷ್ಟು ಮೊಟ್ಟೆಗಳನ್ನು ಇಡುತ್ತದೆ. ಆ ಬಳಿಕ ಮರಳನ್ನು ಮುಚ್ಚಿ, ತನ್ನ ಮೈಯಿಂದಲೇ ತಟ್ಟಿ ಗಟ್ಟಿ ಮಾಡಿ, ಗುರುತು ಸಿಗದಂತೆ ಸುತ್ತಲೂ ಮರಳೆರಚಿ ಕಡಲಿಗೆ ಹಿಂದಿರುಗುತ್ತದೆ. ಈ ಕಾರ್ಯವೆಲ್ಲ ಸುಮಾರು ಒಂದು ಗಂಟೆಯೊಳಗೆ ಮುಗಿಯುತ್ತದೆ.

ಆಗ ಅದರ ಕಣ್ಣುಗಳಿಂದ ನೀರು ಸುರಿಯುವುದನ್ನು ಕಂಡವರು, ತಾಯಿಯು ಮಕ್ಕಳನ್ನು ಅಗಲುವ ದುಃಖದಿಂದ ಅಳುತ್ತಿದೆಯೆನ್ನುತ್ತಾರೆ. ಕಡಲ ನೀರನ್ನು ಕುಡಿದು ಮೈಯಲ್ಲಿ ಸೇರಿದ ಹೆಚ್ಚಿನ ಉಪ್ಪನ್ನು ಹೊರಹಾಕಲು ಕಣ್ಣಿನ ಬಳಿ ಇರುವ ಗ್ರಂಥಿಗಳ ಸ್ರಾವವದು. ಆದರೆ ಅಗಲಿಕೆಯಂತೂ ನಿಜ. ಆ ತಾಯಿಯು ಮತ್ತೆ ಆ ಗೂಡಿನ ಕಡೆಗೆ ಬರುವುದಿಲ್ಲ. ತನ್ನ ಮರಿಗಳನ್ನು ಎಂದಿಗೂ ಕಾಣುವುದಿಲ್ಲ.

ಮರಳಿನ ಕಾವು

ಹಾಗಾದರೆ ಮೊಟ್ಟೆಗಳಿಗೆ ಕಾವು ಕೊಡುವವರಾರು? ಬಿಸಿಲಿನಲ್ಲಿ ಕಾದ ಮರಳೇ ಕೊಡುತ್ತದೆ. 45ರಿಂದ 60 ದಿನಗಳ ಕಾಲ ಆ ನೂರು ಜೀವಗಳಿಗೆ ಮರಳೇ ಮಡಿಲು. ಅಷ್ಟೇ ಅಲ್ಲ, ಮರಿಯು ಹೆಣ್ಣೋ ಗಂಡೋ ಎಂಬುದನ್ನು ನಿರ್ಧರಿಸುವುದೂ ಆ ಮರಳಿನ ಬಿಸಿಯೇ. ಸುಮಾರು 29–30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಗಂಡು ಹೆಣ್ಣುಗಳು ಸರಿಸಮವಾಗಿ ಹುಟ್ಟುತ್ತವೆ. ಅದಕ್ಕಿಂತ ತಂಪಾದರೆ ಗಂಡುಗಳು ಹೆಚ್ಚು, ಬಿಸಿಯಾದರೆ ಹೆಣ್ಣುಗಳು ಹೆಚ್ಚು. ಭೂಮಿಯ ತಾಪವು ಏರುತ್ತಿರುವ ಈ ಕಾಲದಲ್ಲಿ ಗಂಡುಗಳು ವಿರಳವಾದಾವೆಂಬ ಕಳವಳವು ತಜ್ಞರಲ್ಲಿ ಇರುವುದು ಇದೇ ಕಾರಣಕ್ಕೆ. ಗೂಡಿನ ಮೇಲೆ ನೆರಳು ಬಿದ್ದರೂ ಬದಲಾವಣೆ, ಕಸ ಸುರಿದರೂ ಬದಲಾವಣೆ.

ಇನ್ನೊಂದು ಸೂಕ್ಷ್ಮವನ್ನೂ ತಿಳಿಯಬೇಕು. ಮೊಟ್ಟೆಯಿಟ್ಟ ಕೆಲವು ಗಂಟೆಗಳ ನಂತರ ಒಳಗಿನ ಭ್ರೂಣವು ತೊಗಟೆಯ ಒಳಪದರಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆಯನ್ನು ಅಲುಗಿಸಿದರೆ, ಹೊರಳಿಸಿದರೆ ಭ್ರೂಣವು ಸಾಯುವ ಸಂಭವ ಹೆಚ್ಚು. ನಾಯಿಗಳ ಬಾಯಿಂದ ಉಳಿಸುವೆವೆಂದು ಮೊಟ್ಟೆಗಳನ್ನು ಅಗೆದು ಬಕೆಟ್ಟಿನಲ್ಲಿ ತುಂಬಿಸಿ ಬೇರೆಡೆ ಹೂಳುವ ಉತ್ಸಾಹಿಗಳು ಒಂದು ಇಡೀ ಗೂಡನ್ನು ಕೊಲ್ಲಬಲ್ಲರು. ಆದುದರಿಂದಲೇ ಸಾಧ್ಯವಾದಲ್ಲೆಲ್ಲ ಗೂಡನ್ನು ಇದ್ದಲ್ಲಿಯೇ ಬಿಟ್ಟು, ಸುತ್ತ ಬಲೆ ಕಟ್ಟಿ ಕಾಯುವ ಕ್ರಮವೇ ಉತ್ತಮ. ಅಲೆಗೆ ಸಿಲುಕುವಷ್ಟು ಕೆಳಗೆ ಇರುವ ಗೂಡುಗಳನ್ನು ಮಾತ್ರ ತರಬೇತಿ ಪಡೆದವರು, ಮೊಟ್ಟೆಯಿಟ್ಟ ಕೂಡಲೇ, ಮೇಲುಕೆಳಗಾಗದಂತೆ ಎತ್ತಿ ಬೇರೆಡೆಗೆ ಸಾಗಿಸುತ್ತಾರೆ.

ಕಾಲ ಕೂಡಿಬಂದಾಗ ಮರಿಗಳು ಮೂತಿಯ ತುದಿಯಲ್ಲಿರುವ ಚಿಕ್ಕ ಮೊನೆಯಿಂದ ತೊಗಟೆಯನ್ನು ಸೀಳಿಕೊಂಡು ಹೊರಬರುತ್ತವೆ. ಆದರೆ ಒಂದು ಮರಿಯಿಂದ ಒಂದೂವರೆ ಅಡಿ ಮರಳನ್ನು ಸರಿಸಲಾಗದು. ಮೇಲಿನವು ಮರಳನ್ನು ಕೆರೆಯುತ್ತವೆ, ನಡುವಿನವು ಒತ್ತುತ್ತವೆ, ಕೆಳಗಿನವು ಉದುರಿದ ಮರಳನ್ನು ತುಳಿದು ನೆಲವನ್ನು ಎತ್ತರಿಸುತ್ತವೆ. ಒಂದೆರಡು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಹೀಗೆ ಒಟ್ಟಾಗಿ ಮೇಲೇರುತ್ತವೆ. ಮೇಲ್ಪದರದ ಮರಳು ಬಿಸಿಯಾಗಿದ್ದರೆ ಅಲ್ಲಿಯೇ ನಿಶ್ಚಲವಾಗಿ ಕಾಯುತ್ತವೆ. ಮರಳು ತಂಪಾದರೆ ರಾತ್ರಿಯಾಯಿತೆಂದು ಅರ್ಥ. ಆಗ ಹೊರಗೆ ಬರುತ್ತವೆ. ಕಾಗೆ, ಹದ್ದುಗಳ ಕಣ್ಣಿಗೆ ಬೀಳದಿರಲು ನಿಸರ್ಗವು ಮಾಡಿಟ್ಟ ಏರ್ಪಾಡಿದು.

ನಡೆದೇ ಹೋಗಬೇಕೆಂಬುದೇಕೆ?

ಈಗ ಆ ಬಾಲಕಿಯ ಪ್ರಶ್ನೆಗೆ ಬರೋಣ. ಎರಡಂಗುಲವೂ ಇಲ್ಲದ, ಇಪ್ಪತ್ತು ಗ್ರಾಂ ತೂಗದ ಮರಿಯು ಐವತ್ತು ಮಾರು ಮರಳನ್ನು ದಾಟಲು ಹೆಣಗುವುದನ್ನು ಕಂಡರೆ ಯಾರ ಮನಸ್ಸಿಗಾದರೂ ಕರುಣೆ ಉಕ್ಕುವುದು ಸಹಜ. ಎತ್ತಿ ನೀರಿಗೆ ಬಿಟ್ಟರೆ ತಪ್ಪೇನು?

ಮೊದಲನೆಯದಾಗಿ, ಮರಿಗೆ ತನ್ನ ದಿಕ್ಕನ್ನು ತಾನೇ ಕಂಡುಕೊಳ್ಳುವ ಸಾಮರ್ಥ್ಯವಿದೆ. ಇರುಳಿನಲ್ಲಿ ನೆಲದ ಕಡೆಗಿಂತ ಕಡಲ ಕಡೆಯ ಬಾನಂಚು ತುಸು ಬೆಳಕಾಗಿ, ತಗ್ಗಾಗಿ ಕಾಣುತ್ತದೆ. ಮರಿಯು ಅದನ್ನೇ ನೋಡಿ ನಡೆಯುತ್ತದೆ. ನೀರಿಗಿಳಿದ ಮೇಲೆ ಎದುರು ಬರುವ ಅಲೆಗಳಿಗೆ ಮುಖವೊಡ್ಡಿ ಈಜುತ್ತದೆ. ಅನಂತರ ಭೂಮಿಯ ಅಯಸ್ಕಾಂತ ಬಲವೇ ಅದರ ದಿಕ್ಸೂಚಿಯಾಗುತ್ತದೆ. ಬದುಕಿನ ಈ ಮೊದಲ ಗಂಟೆಗಳಲ್ಲಿಯೇ ತಾನು ಹುಟ್ಟಿದ ಕರಾವಳಿಯ ಗುರುತು ಮರಿಯಲ್ಲಿ ಅಚ್ಚೊತ್ತುತ್ತದೆಂದು ವಿಜ್ಞಾನಿಗಳು ಬಗೆಯುತ್ತಾರೆ. ಹತ್ತು ಹದಿನೈದು ವರ್ಷಗಳ ಬಳಿಕ ಬೆಳೆದು ತಾಯಿಯಾಗುವ ಆಮೆಯು, ಎಷ್ಟೋ ದೂರ ಅಲೆದು, ಹುಟ್ಟಿದ ಸೀಮೆಯನ್ನೇ ಅರಸಿ ಬರುವುದು ಇದರ ಬಲದಿಂದ. ತವರಿನ ದಾರಿಯನ್ನು ಕಲಿಯುತ್ತಿರುವ ಆ ಹೊತ್ತಿನಲ್ಲಿ ಅದನ್ನು ಎತ್ತಿಕೊಳ್ಳುವುದು ಪಾಠದ ನಡುವೆ ಪುಸ್ತಕವನ್ನು ಕಿತ್ತುಕೊಂಡಂತೆ.

ಎರಡನೆಯದಾಗಿ, ಮರಿಯು ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಭಂಡಾರವೊಂದನ್ನೇ ಬುತ್ತಿಯಾಗಿ ಹೊತ್ತು ಹೊರಟಿರುತ್ತದೆ. ಮೀನು, ಹಕ್ಕಿಗಳು ಹೆಚ್ಚಾಗಿರುವ ದಡದ ನೀರನ್ನು ಬೇಗ ದಾಟಲು ಸುಮಾರು ಒಂದು ದಿನ ಎಡೆಬಿಡದೆ ಈಜುವ ಆವೇಶವು ಅದಕ್ಕೆ ಆಗ ಇರುತ್ತದೆ. ಮರಿಗಳನ್ನು ಹಿಡಿದು, ಬುಟ್ಟಿಯಲ್ಲಿಟ್ಟು, ಅತಿಥಿಗಳು ಬರಲೆಂದು ಬೆಳಗಿನವರೆಗೆ ಕಾಯಿಸಿದರೆ ಆ ಆವೇಶವೂ ಬುತ್ತಿಯೂ ಬುಟ್ಟಿಯಲ್ಲಿಯೇ ಮುಗಿದುಹೋಗುತ್ತವೆ. ಸೋತ ಮರಿಯನ್ನು ಹಗಲು ಬೆಳಕಿನಲ್ಲಿ ನೀರಿಗೆ ಬಿಡುವುದೆಂದರೆ ಹದ್ದಿಗೆ ಬಡಿಸಿದಂತೆ. ಚಪ್ಪಾಳೆಯೂ ಛಾಯಾಚಿತ್ರವೂ ನಮಗೆ, ನಷ್ಟವೆಲ್ಲ ಮರಿಗೆ.

ಸಾವಿರ ಮರಿಗಳಲ್ಲಿ ಒಂದು ಉಳಿದು ತಾಯಿಯಾದರೆ ಹೆಚ್ಚು ಎಂಬುದು ಬಲ್ಲವರ ಸ್ಥೂಲ ಅಂದಾಜು. ಅಷ್ಟು ಕಿರಿದಾದ ಅವಕಾಶವುಳ್ಳ ಜೀವಕ್ಕೆ ನಮ್ಮ ಪ್ರೀತಿಯಿಂದಲೇ ಇನ್ನೊಂದು ಅಡ್ಡಿಯಾಗಬಾರದಷ್ಟೆ.

ನಮ್ಮ ಕರಾವಳಿಯೂ ನೆರೆಯ ಕರಾವಳಿಗಳೂ

ಒಡಿಶಾದ ಗಹಿರ್ಮಾಥಾ, ಋಷಿಕುಲ್ಯಾ ತೀರಗಳಲ್ಲಿ ಲಕ್ಷಗಟ್ಟಲೆ ಆಮೆಗಳು ಕೆಲವೇ ರಾತ್ರಿಗಳಲ್ಲಿ ಒಟ್ಟಾಗಿ ದಡವೇರುವುದು ಲೋಕಪ್ರಸಿದ್ಧ. 1974ರಲ್ಲಿ ಗಹಿರ್ಮಾಥಾದ ಸಂಗತಿಯು ವಿಜ್ಞಾನಲೋಕಕ್ಕೆ ತಿಳಿಯಿತು. 1997ರಲ್ಲಿ ಅದು ಕಡಲ ವನ್ಯಜೀವಿಧಾಮವಾಯಿತು. 2025ರ ಫೆಬ್ರವರಿಯಲ್ಲಿ ಋಷಿಕುಲ್ಯಾ ಒಂದರಲ್ಲಿಯೇ ಏಳು ಲಕ್ಷಕ್ಕೆ ಹತ್ತಿರದಷ್ಟು ಆಮೆಗಳು ಮೊಟ್ಟೆಯಿಟ್ಟುದಾಗಿ ವರದಿಯಾಯಿತು. ನಮ್ಮ ಕರಾವಳಿಯಲ್ಲಿ ಅಂಥ ಸಂತೆಯಿಲ್ಲ. ಇಲ್ಲಿ ಒಂದೊಂದಾಗಿ, ಸದ್ದಿಲ್ಲದೆ ಬಂದು ಹೋಗುತ್ತವೆ. ಕಾರವಾರದ ದೇವಬಾಗ, ಮಾಜಾಳಿ. ಹೊನ್ನಾವರದ ಕಾಸರಕೋಡು ಟೊಂಕ, ಅಪ್ಸರಕೊಂಡ, ಮುಗಳಿ. ಕುಂದಾಪುರದ ಕೋಡಿ ಮುಂತಾದ ತೀರಗಳಲ್ಲಿ ಗೂಡುಗಳು ಸಿಗುತ್ತವೆ. ಮಂಗಳೂರಿನ ಬಳಿಯ ಸಸಿಹಿತ್ಲು, ಇಡ್ಯಾ ತೀರಗಳಲ್ಲಿ 2024ರ ಆರಂಭದಲ್ಲಿ ಗೂಡುಗಳು ಕಂಡುಬಂದು, ಅರಣ್ಯ ಇಲಾಖೆಯು ಕಾವಲಿಟ್ಟು ಮರಿಗಳನ್ನು ಕಡಲಿಗೆ ಕಳುಹಿಸಿತು.

ಈ ಕಾರ್ಯದ ಬೆನ್ನೆಲುಬು ಮೀನುಗಾರರೇ. ನಸುಕಿನಲ್ಲಿ ದೋಣಿಗೆ ಹೊರಡುವ ಅವರಿಗೆ ಮರಳಿನ ಮೇಲಿನ ತೆವಳಿದ ಗುರುತು ಎಲ್ಲರಿಗಿಂತ ಮೊದಲು ಕಾಣುತ್ತದೆ. ಗೂಡು ತೋರಿಸಿದವರಿಗೆ ಇಲಾಖೆಯು ಪ್ರೋತ್ಸಾಹಧನ ಕೊಡುವುದೂ ಉಂಟು. ಕಾಸರಕೋಡಿನಲ್ಲಿ ನನಗೆ ಸಿಕ್ಕ ಹಿರಿಯರು ಮುಚ್ಚುಮರೆಯಿಲ್ಲದೆ ಹೇಳಿದರು: "ಮೊದಲು ನಾವೂ ಮೊಟ್ಟೆ ತೆಗೆದು ತಿಂದವರೇ ಮಾಸ್ತರೇ. ಈಗ ನನ್ನ ಮೊಮ್ಮಗ ಕಾಯ್ತಾನೆ." ಬಲೆಗೆ ಬಿದ್ದ ಆಮೆಯನ್ನು ಕೂರ್ಮಾವತಾರವೆಂದು ನಮಸ್ಕರಿಸಿ ಬಿಟ್ಟುಬಿಡುವ ಮೀನುಗಾರ ಕುಟುಂಬಗಳೂ ಅನೇಕ. ಅದೇ ಊರಿನಲ್ಲಿ ಖಾಸಗಿ ಬಂದರು ಯೋಜನೆಯೊಂದನ್ನು ಮೀನುಗಾರರು ವರ್ಷಗಳಿಂದ ವಿರೋಧಿಸುತ್ತ ಬಂದಿದ್ದಾರೆ. ತಮ್ಮ ಮನೆ, ತಮ್ಮ ಕಸುಬುಗಳ ಜೊತೆಗೆ ಕಡಲಾಮೆಯ ಗೂಡುಗಳನ್ನೂ ಅವರು ತಮ್ಮ ವಾದದಲ್ಲಿ ಸೇರಿಸಿದ್ದಾರೆ. ಅಭಿವೃದ್ಧಿಯೂ ಬೇಕು, ಮರಳುದಂಡೆಯೂ ಬೇಕು ಎಂಬ ಈ ಇಕ್ಕಟ್ಟು ಸುಲಭವಾಗಿ ಬಿಡಿಸಿಕೊಳ್ಳುವಂಥದಲ್ಲ.

ನಮ್ಮ ದೇಶದಲ್ಲಿ ಕಡಲಾಮೆಗಳ ಅಧ್ಯಯನಕ್ಕೆ ತಳಹದಿ ಹಾಕಿದವರಲ್ಲಿ ಸತೀಶ್ ಭಾಸ್ಕರ್ ಅವರನ್ನು ನೆನೆಯದಿರಲಾಗದು. ಮದ್ರಾಸಿನ ಐಐಟಿಯಲ್ಲಿ ಓದುತ್ತಿದ್ದ ಅವರು ಇಂಜಿನಿಯರಿಂಗ್ ಬಿಟ್ಟು ಕಡಲತೀರಗಳನ್ನು ಹಿಡಿದರು. ಸಾವಿರಾರು ಕಿಲೋಮೀಟರ್ ಮರಳದಾರಿಯನ್ನು ಕಾಲ್ನಡಿಗೆಯಲ್ಲಿ ಕ್ರಮಿಸಿ ಗೂಡುಗಳನ್ನು ಎಣಿಸಿದರು. 1982ರ ಮಳೆಗಾಲದಲ್ಲಿ ಲಕ್ಷದ್ವೀಪದ ಜನವಸತಿಯಿಲ್ಲದ ಸುಹೇಲಿ ದ್ವೀಪದಲ್ಲಿ ತಿಂಗಳುಗಟ್ಟಲೆ ಒಬ್ಬಂಟಿಯಾಗಿದ್ದು ಅಧ್ಯಯನ ಮಾಡಿದರು. ದೋಣಿಗಳು ಬಾರದ ಆ ದಿನಗಳಲ್ಲಿ ಮಡದಿಗೆ ಬರೆದ ಪತ್ರವನ್ನು ಬಾಟಲಿಯಲ್ಲಿಟ್ಟು ಕಡಲಿಗೆ ಬಿಟ್ಟರು. ಅದು ಶ್ರೀಲಂಕಾದ ಮೀನುಗಾರನೊಬ್ಬನ ಕೈಸೇರಿ, ಅಲ್ಲಿಂದ ಅಂಚೆಯ ಮೂಲಕ ಆಕೆಯನ್ನು ತಲುಪಿತು. 2023ರಲ್ಲಿ ಅವರು ತೀರಿಕೊಂಡರು.

ಚೆನ್ನೈಯಲ್ಲಿ 1988ರಿಂದ ವಿದ್ಯಾರ್ಥಿಗಳೇ ಕಟ್ಟಿಕೊಂಡ ತಂಡವೊಂದು ಮೊಟ್ಟೆಯಿಡುವ ಋತುವಿನಲ್ಲಿ ರಾತ್ರಿಯಿಡೀ ತೀರದುದ್ದಕ್ಕೂ ನಡೆದು ಗೂಡುಗಳನ್ನು ಉಳಿಸುತ್ತ ಬಂದಿದೆ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ವೇಳಾಸ್ ಎಂಬ ಹಳ್ಳಿಯಲ್ಲಿ 2002ರಲ್ಲಿ ಚಿಪ್ಳೂಣಿನ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆಯು ಆರಂಭಿಸಿದ ಕೆಲಸವು ಕ್ರಮೇಣ ಊರಿನವರ ಕೆಲಸವೇ ಆಯಿತು. ಮರಿಗಳನ್ನು ನೋಡಲು ಬರುವವರಿಗೆ ಹಳ್ಳಿಯ ಮನೆಗಳಲ್ಲಿಯೇ ಊಟ, ವಸತಿ. ಅದರಿಂದ ಆ ಮನೆಗಳಿಗೆ ಆದಾಯ. ಕೇರಳದ ಕೋಳಿಕ್ಕೋಡ್ ಜಿಲ್ಲೆಯ ಕೊಳಾವಿಪ್ಪಾಲಂನಲ್ಲಿ ಮೀನುಗಾರ ಯುವಕರು 1992ರಿಂದ 'ತೀರಂ' ಎಂಬ ಹೆಸರಿನಲ್ಲಿ ಗೂಡುಗಳನ್ನು ಕಾಯತೊಡಗಿದರು. ಆದರೆ ಅಲ್ಲಿ ಮರಳುದಂಡೆಯೇ ಕೊರೆದುಹೋಗುತ್ತ ಬಂದು ಗೂಡುಗಳು ಕಡಿಮೆಯಾದವು. ಕಾಯುವ ಕೈಗಳಿದ್ದರೂ ನೆಲವೇ ಇಲ್ಲದಿದ್ದರೆ ಏನು ಮಾಡಲಾದೀತು?

ಕೈ ಬೇಕಾದುದು ಎಲ್ಲಿ?

ಮರಿಗೆ ನಮ್ಮ ಕೈ ಬೇಡವೆಂದರೆ ನಾವು ಸುಮ್ಮನಿರಬೇಕೆಂದು ಅರ್ಥವಲ್ಲ. ನಾವು ಕೆಡಿಸಿದುದನ್ನು ನಾವೇ ಸರಿಪಡಿಸಬೇಕು.

ದೀಪವು ಮೊದಲನೆಯ ಅಡ್ಡಿ. ಬಾನಂಚಿನ ಬೆಳಕನ್ನು ನೋಡಿ ನಡೆಯುವ ಮರಿಗೆ ರೆಸಾರ್ಟು, ಹೋಟೆಲು, ರಸ್ತೆಗಳ ದೀಪಗಳು ಕಡಲಿಗಿಂತ ಪ್ರಖರವಾಗಿ ಕಾಣುತ್ತವೆ. ಅದು ಬೆನ್ನು ತಿರುಗಿಸಿ ಊರಿನತ್ತ ತೆವಳುತ್ತದೆ. ನಾಯಿಯ ಬಾಯಿಗೋ ವಾಹನದ ಚಕ್ರಕ್ಕೋ ಸಿಲುಕುತ್ತದೆ, ಇಲ್ಲವೇ ಬೆಳಗಿನ ಬಿಸಿಲಿಗೆ ಒಣಗುತ್ತದೆ. ನಾಯಿಗಳು ಎರಡನೆಯ ಅಡ್ಡಿ. ಪ್ರವಾಸಿಗರು ಎಸೆದ ತಿಂಡಿಯಿಂದಲೂ ಮೀನಿನ ಕಸದಿಂದಲೂ ಹೆಚ್ಚಿದ ಬೀದಿನಾಯಿಗಳು ಒಂದೇ ರಾತ್ರಿಯಲ್ಲಿ ಇಡೀ ಗೂಡನ್ನು ಅಗೆದು ಬರಿದು ಮಾಡುತ್ತವೆ. ಮೂರನೆಯದು ಕಡಲ್ಕೊರೆತಕ್ಕೆಂದು ಹಾಕುವ ಕಲ್ಲಿನ ತಡೆಗೋಡೆ. ಮನೆಗಳ ರಕ್ಷಣೆಗೆ ಅದು ಕೆಲವೆಡೆ ಅನಿವಾರ್ಯವಾಗಿದ್ದೀತು. ಆದರೆ ದಡವೇರಿ ಬಂದ ತಾಯಾಮೆಗೆ ಅದು ಮುಚ್ಚಿದ ಬಾಗಿಲು. ಬಂದ ದಾರಿಯಲ್ಲಿಯೇ ಹಿಂದಿರುಗಬೇಕಾಗುತ್ತದೆ.

ಕಡಲಿನೊಳಗಿನ ಅಪಾಯವು ಇನ್ನೂ ದೊಡ್ಡದು. ಉಸಿರಿಗಾಗಿ ಮೇಲೆ ಬರಲೇಬೇಕಾದ ಆಮೆಯು ಟ್ರಾಲ್ ಬೋಟಿನ ಬಲೆಯಲ್ಲಿ ಸಿಲುಕಿ ಬಹುಕಾಲ ನೀರಿನಡಿಯಲ್ಲಿ ಉಳಿದರೆ ಉಸಿರುಕಟ್ಟಿ ಸಾಯುತ್ತದೆ. 2025ರ ಜನವರಿಯಲ್ಲಿ ಚೆನ್ನೈ ಮತ್ತು ಅದರ ಸುತ್ತಲಿನ ತೀರಗಳಿಗೆ ನೂರಾರು ಆಲಿವ್ ರಿಡ್ಲಿಗಳ ಕಳೇಬರಗಳು ತೇಲಿಬಂದುದು ಎಲ್ಲರ ಮನ ಕಲಕಿತು. ಸಿಕ್ಕ ಆಮೆಯು ಹೊರಕ್ಕೆ ಜಾರಿಹೋಗುವಂತೆ ಬಲೆಯಲ್ಲಿ ಕಂಬಿಯ ಚೌಕಟ್ಟನ್ನೂ ಕಿಂಡಿಯನ್ನೂ ಇಡುವ ಸಾಧನವಿದೆ. ಅದರಿಂದ ತಮ್ಮ ಮೀನು ಸಿಗಡಿಯೂ ತಪ್ಪಿಹೋಗುವುದೆಂಬ ಶಂಕೆಯಿಂದ ಅದನ್ನು ಅಳವಡಿಸಿಕೊಳ್ಳಲು ಹಿಂಜರಿಯುವವರು ಬಹಳ. ಇದರ ಜೊತೆಗೆ, ಹರಿದು ಕಡಲಿಗೆ ಎಸೆದ ಹಳೆಯ ನೈಲಾನ್ ಬಲೆಗಳು ವರ್ಷಗಟ್ಟಲೆ ತೇಲುತ್ತ ಆಮೆಗಳ ಕಾಲಿಗೆ ಕೊರಳಿಗೆ ಸುತ್ತಿಕೊಳ್ಳುತ್ತವೆ.

ಕಾನೂನಿನ ಬೆಂಬಲವೇನೂ ಕಡಿಮೆಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಕಡಲಾಮೆಗಳಿವೆ. ಹುಲಿಗೆ ಇರುವಷ್ಟೇ ರಕ್ಷಣೆ ಅವಕ್ಕೂ ಉಂಟು. ಅವನ್ನು ಹಿಡಿಯುವುದು, ಮೊಟ್ಟೆ ತೆಗೆಯುವುದು ಸೆರೆವಾಸಕ್ಕೆ ಗುರಿಯಾಗುವ ಅಪರಾಧ. ಆದರೆ ಅರ್ಧರಾತ್ರಿಯ ಮರಳಿನ ಮೇಲೆ ಕಾನೂನಿಗಿಂತ ಮೊದಲು ತಲುಪುವುದು ಅಲ್ಲಿ ನಿಂತಿರುವ ಮನುಷ್ಯನ ವಿವೇಕ.

ಪ್ರವಾಸ ಹೋಗುವ ಕುಟುಂಬಗಳಿಗೆ

ಬೆಂಗಳೂರಿನಿಂದ ರಜೆಯ ದಿನಗಳಲ್ಲಿ ಗೋಕರ್ಣ, ಮುರುಡೇಶ್ವರ, ಕಾರವಾರಗಳಿಗೆ ಹೋಗುವ ಕುಟುಂಬಗಳು ಈಗ ಅಸಂಖ್ಯ. ಅಂಥವರಲ್ಲಿ ನನ್ನ ವಿನಂತಿ ಇಷ್ಟು. ಡಿಸೆಂಬರಿನಿಂದ ಮೇ ತಿಂಗಳವರೆಗಿನ ರಾತ್ರಿಗಳಲ್ಲಿ ಕಡಲತೀರದಲ್ಲಿ ಬೆಂಕಿಯನ್ನೂ ಪ್ರಖರ ದೀಪಗಳನ್ನೂ ಹಚ್ಚದಿರಿ. ಮರಳಿನ ಮೇಲೆ ವಾಹನ ಓಡಿಸದಿರಿ. ಮೊಟ್ಟೆಯಿಡುತ್ತಿರುವ ಆಮೆಯು ಕಂಡರೆ ದೂರದಲ್ಲಿ, ಅದರ ಬೆನ್ನ ಹಿಂದೆ ಮೌನವಾಗಿ ಕುಳಿತುಕೊಳ್ಳಿ. ಮುಂದೆ ಹೋಗಿ ನಿಂತರೆ, ದೀಪ ಹಾಯಿಸಿದರೆ ಅದು ಮೊಟ್ಟೆಯಿಡದೆ ಹಿಂದಿರುಗುವ ಸಂಭವವಿದೆ. ಗೂಡು ಕಂಡರೆ ಕೆದಕದೆ ಸಮೀಪದ ಅರಣ್ಯ ಇಲಾಖೆಯವರಿಗೋ ಊರಿನ ಮೀನುಗಾರರಿಗೋ ತಿಳಿಸಿ. ಮರಿಗಳು ಹೊರಟಿದ್ದರೆ ಅವುಗಳ ದಾರಿಯಿಂದ ಸರಿದು ನಿಲ್ಲಿ, ಚಿತ್ರ ತೆಗೆಯುವ ಮಿಂಚುಬೆಳಕನ್ನು ಬಳಸದಿರಿ. ಮಕ್ಕಳು ಮರಳಿನಲ್ಲಿ ತೋಡಿದ ಗುಂಡಿಗಳನ್ನು ಏಳುವ ಮುನ್ನ ಅವರಿಂದಲೇ ಮುಚ್ಚಿಸಿ. ನಮಗೆ ಅದು ಆಟದ ಗುಂಡಿ. ಮರಿಗೆ ಅದು ಬಾವಿ. ದಾರಿ ತಪ್ಪಿದ, ಗಾಯಗೊಂಡ ಮರಿ ಸಿಕ್ಕರೆ ಬಲ್ಲವರನ್ನು ಕರೆಯಿರಿ; ಮನೆಗೆ ತಂದು ಸಾಕುವ, ಬಕೆಟ್ಟಿನ ನೀರಿನಲ್ಲಿಡುವ ಪ್ರಯತ್ನ ಬೇಡ.

ಕಡಲಿಗೆ ಹೋಗದವರಿಗೂ ಕೆಲಸವಿದೆ. ಮಲ್ಲತ್ತಹಳ್ಳಿಯ ನೀರು ವೃಷಭಾವತಿಯ ಕಣಿವೆಗೆ ಸೇರಿದ್ದು. ವೃಷಭಾವತಿಯು ಅರ್ಕಾವತಿಯನ್ನೂ ಅರ್ಕಾವತಿಯು ಕಾವೇರಿಯನ್ನೂ ಕೂಡುತ್ತವೆ. ಕಾವೇರಿಯು ತಮಿಳುನಾಡಿನಲ್ಲಿ ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಆ ತೀರಗಳಲ್ಲಿಯೂ ಇದೇ ಆಮೆಗಳು ಮೊಟ್ಟೆಯಿಡುತ್ತವೆ. ನಡುವೆ ಕೆರೆಗಳೂ ಅಣೆಕಟ್ಟುಗಳೂ ಕಸವನ್ನು ತಡೆದಾವು, ಆದರೆ ನೀರಿನ ದಾರಿಯಂತೂ ಅದೇ. ನಮ್ಮ ರಾಜಕಾಲುವೆಗೆ ಎಸೆದ ಪ್ಲಾಸ್ಟಿಕ್ ಚೀಲವು ಎಂದಾದರೊಂದು ದಿನ ಕಡಲನ್ನು ಮುಟ್ಟಿದರೆ, ಆಮೆಯ ಕಣ್ಣಿಗೆ ಅದು ತನ್ನ ಆಹಾರವಾದ ಲೋಳೆಮೀನಿನಂತೆ ಕಾಣುತ್ತದೆ. ನುಂಗಿದ ಚೀಲವು ಕರುಳನ್ನು ಕಟ್ಟುತ್ತದೆ. ಕಡಲು ದೂರವಿದೆಯೆಂಬ ಸಮಾಧಾನವು ನಮಗೆ ಸಲ್ಲದು.

ಊರಿಗೆ ಬಂದ ಮೇಲೆ ಎದುರು ಸಾಲಿನ ಆ ಬಾಲಕಿಯನ್ನು ಕರೆದು, "ನಾನು ಅಂದು ಹೇಳಿದ್ದು ತಪ್ಪು ಕಣಮ್ಮ" ಎಂದು ನಡೆದುದೆಲ್ಲವನ್ನೂ ವಿವರಿಸಿದೆ. ಅವಳ ಮುಖ ಬಾಡಿತು.

"ಹಾಗಾದರೆ ನಾವು ಬಿಟ್ಟ ಮರಿಗಳು ಸತ್ತುಹೋದವಾ ತಾತ?"

"ಯಾರಿಗೂ ಗೊತ್ತಿಲ್ಲ. ಬದುಕಿರಲೂಬಹುದು. ನೀನು ಕರುಣೆಯಿಂದ ಮಾಡಿದೆ; ಅದರಲ್ಲಿ ತಪ್ಪಿಲ್ಲ. ತಿಳಿಯದೆ ಹೇಳಿದ ತಪ್ಪು ನನ್ನದು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ಸಲ ಹೋದರೆ ಏನು ಮಾಡಬೇಕು?" ಎಂದಳು. ಆ ಮೀನುಗಾರರು ನನ್ನ ಹೆಜ್ಜೆಯ ಗುರುತನ್ನು ಅಂಗೈಯಿಂದ ಸವರಿ ಸಮ ಮಾಡಿದುದನ್ನು ಮೇಜಿನ ಮೇಲೆ ಕೈಯಾಡಿಸಿ ತೋರಿಸಿದೆ. ಅವಳೂ ತನ್ನ ಪುಟ್ಟ ಅಂಗೈಯಿಂದ ಹಾಗೆಯೇ ಮಾಡಿ ನೋಡಿದಳು.

ಗುರುಗಳು ಹೇಳುತ್ತಿದ್ದ ದೃಷ್ಟಾಂತವನ್ನು ನಾನು ಕೈಬಿಟ್ಟಿಲ್ಲ. ಆದರೆ ಈಗ ಅದನ್ನು ಹೇಳುವಾಗ ಒಂದು ಮಾತನ್ನು ಸೇರಿಸುತ್ತೇನೆ. ತಾಯಾಮೆಯು ಮೊಟ್ಟೆಗಳನ್ನು ಮರಳಿಗೆ ಒಪ್ಪಿಸಿ ಹೋಗಿದೆ. ಆ ಮರಳು ಈಗ ನಮ್ಮ ವಶದಲ್ಲಿದೆ. ಮರಿಗಳ ಸ್ಮರಣೆಯನ್ನು ಇಟ್ಟುಕೊಳ್ಳಬೇಕಾದವರು ಇನ್ನು ಮುಂದೆ ನಾವೇ.